ಸಾಕು ಎನ್ನದ ಗಂಧವ್ವ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಗಾಳಿಗೆ ದಾರಿ ಗೊತ್ತಿರಲಿಲ್ಲ, ಮರಗಳಿಗೆ ತಗುಲಿ ತಗುಲಿ ಕಲಿಯುತ್ತಿತ್ತು. ಹೊಳೆ ಅವರಿವರನ್ನು ಕೇಳಿಕೊಂಡು ಹರಿಯುತ್ತಿತ್ತು. ಗಿಡಮರಗಳಿಗೆಲ್ಲ ಮಾತು ಬರುತ್ತಿತ್ತು, ಮಾತಿನ ಹಿಂದೆಯೇ ಜಗಳವೂ ಬರುತ್ತಿತ್ತು.

ಆಗ ಒಂದು ಕಲ್ಲುಗುಡ್ಡದ ಮೇಲೆ ಗಂಧವ್ವ ಎಂಬ ಮರವಿತ್ತು. ಈಗಿನ ಗಂಧದ ಮರಗಳಿಗೆಲ್ಲ ಮೂಲದವಳು ಅವಳೇ. ಎಲ್ಲರ ಹಾಗೆ ತನ್ನ ಬೇರು ತಾನು ಇಳಿಸಿ, ತನ್ನ ನೀರು ತಾನು ಕುಡಿದು ನಿಂತವಳು. ಯಾರ ಹಂಗೂ ಇರಲಿಲ್ಲ. ಪಕ್ಕದಲ್ಲಿ ಹೊಂಗವ್ವ ಎಂಬ ಹೊಂಗೆಮರ. ದಟ್ಟ ನೆರಳು, ದೊಡ್ಡ ಮನಸ್ಸು, ಬಾಯಿ ಸ್ವಲ್ಪ ಜಾಸ್ತಿ.

ಅಂದಿನ ಮರಗಳಲ್ಲಿ ಒಂದು ಪದ್ಧತಿಯಿತ್ತು. ಆಗತಾನೆ ಮೊಳೆತ ಸಸಿಗೆ ನೆರೆಯ ಮರ ಮಣ್ಣಿನೊಳಗೆ ತನ್ನ ಬೇರಿನ ತುದಿ ಚಾಚಿ ಕೊಡಬೇಕು. ಕೂಸು ಅದನ್ನು ಕಚ್ಚಿ ಹಿಡಿದು ಮೂರು ಎಲೆ ಮೂಡುವ ತನಕ ನೀರು ಕುಡಿಯಬೇಕು. ಮೂರೆಲೆ ನೀರು ಎಂದು ಅದಕ್ಕೆ ಹೆಸರು. ಮೂರನೆಯ ಎಲೆ ಬಿಟ್ಟ ದಿನ ತಾಯಿಯಾದವಳು ‘ಸಾಕು ಮಗಾ, ಬಿಡು’ ಅನ್ನಬೇಕು. ನೀರು ಕೊಟ್ಟವಳು ಮಾತ್ರ ಆ ಮಾತು ಆಡುವ ಹಾಗಿಲ್ಲ. ಕೂಸಿನ ಬಾಯಿಂದ ನೀರು ಕಿತ್ತುಕೊಂಡಳು ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಕಾಡಿನಲ್ಲಿ ಬೇರೆ ಇರಲಿಲ್ಲ.

ಗಂಧವ್ವನಿಗೆ ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲ. ಒಂದು ವರ್ಷ ಏಳು ಸಸಿ ಎದ್ದವು. ಮರುವರ್ಷ ಐದು. ಎಲ್ಲಕ್ಕೂ ಅವಳು ಸರಿಯಾದ ದಿನವೇ ‘ಸಾಕು, ಬಿಡು’ ಅಂದಳು. ಅಷ್ಟೂ ಬಿಟ್ಟವು, ಅಷ್ಟನ್ನೂ ಬಿಸಿಲು ಸುಟ್ಟಿತು. ಅವಳು ಮೇಲಿನಿಂದ ನೋಡುತ್ತ ನಿಂತಿದ್ದಳು. ಮರಕ್ಕೆ ಓಡಿಹೋಗಿ ಎತ್ತಿಕೊಳ್ಳಲು ಬರುವುದಿಲ್ಲವಲ್ಲ.

ಮೂರನೆಯ ವರ್ಷ ಒಂದೇ ಒಂದು ಸಸಿ ತಲೆಯೆತ್ತಿತು. ಸಿರಿ ಎಂದು ಹೆಸರಿಟ್ಟಳು. ಯಾರೂ ಕೇಳುವ ಮೊದಲೇ ಹೊಂಗವ್ವ ಬೇರು ಚಾಚಿದಳು.

“ಕುಡೀಲಿ ಬಿಡವ್ವ. ಅಂಗೈಯಷ್ಟಿಲ್ಲ ಕೂಸು, ಎಷ್ಟು ಕುಡಿದೀತು?”

ಒಂದೆಲೆ ಬಂತು, ಎರಡೆಲೆ ಬಂತು, ಮೂರೆಲೆ ಬಂತು. ಗಂಧವ್ವ ಬಾಯಿ ತೆರೆದಳು. ಸತ್ತ ಹನ್ನೆರಡು ಮಕ್ಕಳು ನೆನಪಾದವು. ಬಾಯಿ ಮುಚ್ಚಿಕೊಂಡಳು.

ಗಾಳಿ ಬಂದು ಕೇಳಿತು, “ಎಲೆ ಎಣಿಸಿದ್ಯಾ ಗಂಧವ್ವ? ಐದಾದ್ವು.”

“ಇನ್ನೊಂದೇ ದಿನ ಗಾಳಿಯಪ್ಪ.”

ಇನ್ನೊಂದು ದಿನ ಹೋಯಿತು. ಗಾಳಿ ಮತ್ತೆ ಬಂತು. “ಗಂಧವ್ವ, ಹತ್ತಾದ್ವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನವ್ವ?”

“ಇನ್ನೊಂದೇ ದಿನ.”

ಹೀಗೆ ಇನ್ನೊಂದೇ ದಿನ ಅನ್ನುತ್ತ ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಸಿರಿ ಆಳೆತ್ತರ ಬೆಳೆದಳು. ಬೆರಳು ಕೊಟ್ಟರೆ ಹಸ್ತ ನುಂಗಿದರು ಎಂಬ ಮಾತು ಆಗಲೇ ಹುಟ್ಟಿರಬೇಕು. ಹೊಂಗವ್ವನ ಎಲೆ ಹಳದಿಯಾಯಿತು, ನೆರಳು ತೆಳುವಾಯಿತು. ಅಷ್ಟು ಮಾತಾಡುವವಳು ಈಗ ಉಸಿರು ನೋಡಿಕೊಂಡು ಮಾತಾಡುತ್ತಿದ್ದಳು.

“ಮಗಳು ದೊಡ್ಡೋಳಾದ್ಲು ಕಣವ್ವ,” ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಅನ್ನುವ ಹಾಗಿರಲಿಲ್ಲ. ಗಂಧವ್ವ ಕೇಳಿಸದವಳ ಹಾಗೆ ಇನ್ನೊಂದು ಕಡೆ ಕೊಂಬೆ ತಿರುಗಿಸುತ್ತಿದ್ದಳು.

ಕೊನೆಗೆ ಸಿರಿಯೇ ಕೇಳಿದಳು. “ಅವ್ವಾ, ಬಿಡ್ಲಾ? ಹೊಂಗೆ ದೊಡ್ಡವ್ವನತ್ರ ನೀರು ಕಮ್ಮಿ ಆಗೈತೆ.”

“ಬಿಡಬ್ಯಾಡ ಮಗಳೆ. ಬಿಟ್ಟೋರು ಏನಾದ್ರು ಅಂತ ನಂಗೊತ್ತು.”

ಈ ಮಾತು ಕಾಡಿನ ಕಿವಿಗೆ ಬಿತ್ತು. ಮುಳ್ಳಿನ ಬಾಯಿಯ ಜಾಲಿಮರ ಎಲ್ಲರ ಪರವಾಗಿ ಹೇಳಿತು: “ಗಂಧವ್ವಾ, ನಿನ್ನ ಕುಲದ ಬೀಜ ಇನ್ನು ಈ ಮಣ್ಣಿಗೆ ಬೀಳಕೂಡ್ದು. ಬಿದ್ರೆ ಸುತ್ತ ಬೇರು ಹೆಣೆದು ಉಸಿರು ಕಟ್ಟಿಸ್ತೀವಿ.”

ಆ ಹೊತ್ತಿಗೆ ಗಂಧವ್ವನ ಕೊಂಬೆಯಲ್ಲಿ ಒಂದೇ ಹಣ್ಣು ಇತ್ತು. ಅದರೊಳಗೆ ಸಿರಿಯ ತಂಗಿ ಬದನಿ ಮಲಗಿದ್ದಳು. ಹಣ್ಣು ಕಪ್ಪಗಾಗುತ್ತ ಬಂದಿತ್ತು, ಇವತ್ತೋ ನಾಳೆಯೋ ಉದುರುವುದು. ಹೆಬ್ಬೆರಳಿಗಿಂತ ಚಿಕ್ಕದೊಂದು ಹಕ್ಕಿ ಬಂದು ಕೂತಿತ್ತು, ಗಂಧವ್ವ ಅದರ ಕಾಲಿಗೇ ಬಿದ್ದಳು.

“ಇವಳನ್ನ ನುಂಗ್ಕೊಂಡು ಹೋಗಪ್ಪ. ಮಣ್ಣಿಲ್ಲದ ಕಡೆ ಬಿಡು.”

“ಮಣ್ಣಿಲ್ಲದ ಕಡೆ ಬೀಜ ಬದುಕೀತಾ ಅವ್ವ?”

“ಯಾವ್ದಾದ್ರೂ ಮರದ ಕೊಂಬೆಗೆ ಅಂಟ್ಸು. ನಮ್ಮೋರಿಗೆ ಕಚ್ಚೋದು ಗೊತ್ತೈತೆ.”

ಹಾಗೆ ಅನ್ನುವಾಗ ಅವಳಿಗೇ ನಾಚಿಕೆಯಾಯಿತು. ಆದರೆ ಹಣ್ಣು ಕೊಟ್ಟಳು.

ಹಕ್ಕಿ ಬದನಿಯನ್ನು ನುಂಗಿ ಹಾರಿತು, ದೂರದ ಮಾವಿನ ಕೊಂಬೆಗೆ ಹಿಕ್ಕೆಯ ಜೊತೆ ಒರೆಸಿತು. ಬದನಿ ಅಲ್ಲೇ ಅಂಟಿದಳು, ಅಲ್ಲೇ ಕಚ್ಚಿದಳು, ಅಲ್ಲೇ ಹೂಬಿಟ್ಟಳು. ಅವಳ ಮಕ್ಕಳನ್ನು ಆ ಹಕ್ಕಿಯ ಮಕ್ಕಳು ಬೆಟ್ಟ ದಾಟಿಸಿದರು, ಹೊಳೆ ದಾಟಿಸಿದರು, ಆಗ ಇನ್ನೂ ಕಿರಿದಾಗಿದ್ದ ಕಡಲನ್ನೂ ದಾಟಿಸಿದರು. ಒಂದು ದೇಶದಲ್ಲಿ ಹೂವು ಕೆಂಪಾಯಿತು, ಇನ್ನೊಂದರಲ್ಲಿ ಹಳದಿಯಾಯಿತು. ಒಂದು ಕಡೆ ಎಲೆ ದಪ್ಪ, ಇನ್ನೊಂದು ಕಡೆ ಕಡ್ಡಿಯಷ್ಟು ಸಣ್ಣ. ಕಾಲ ಕಳೆದಂತೆ ಅಕ್ಕತಂಗಿಯರಿಗೆ ಒಬ್ಬರ ಗುರುತು ಒಬ್ಬರಿಗೆ ಸಿಗದಾಯಿತು. ಮಾವಿನ ಮರದ ನಡುವೆ ಬೇರೆಯದೇ ಎಲೆಯ ಗೊಂಚಲು ಕಂಡು ದೊಡ್ಡವರು ಬದನಿಕೆ ಅಂದರೆ, ಅದು ಅವಳ ಸಂತತಿ. ಅವರಲ್ಲಿ ಯಾರೂ ನೆಲಕ್ಕೆ ಕಾಲಿಡಲಿಲ್ಲ.

ಇತ್ತ ಗುಡ್ಡಕ್ಕೆ ಬೇಸಿಗೆ ಬಂತು. ಹೊಂಗವ್ವನ ಮೈಯಲ್ಲಿ ಒಂದೇ ಕೊಂಬೆ ಹಸಿಯಾಗಿತ್ತು. ಅವಳು ಮೆಲ್ಲಗೆ ಕೇಳಿದಳು, “ಗಂಧವ್ವಾ, ನಿನ್ನ ಮಗಳಿಗೆ ಏನಾದ್ರೂ ಹೇಳೋದೈತೇನವ್ವ?”

ಏನು ಕೇಳುತ್ತಿದ್ದಾಳೆಂದು ಗಂಧವ್ವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳಬಾರದು, ಅದು ಅವಳ ಪಾಪ. ಮಾರನೆಯ ದಿನ ಮಧ್ಯಾಹ್ನ ಹೊಂಗವ್ವ ಬುಡಸಮೇತ ಉರುಳಿದಳು. ಬೀಳುವಾಗಲೂ ಅವಳ ಬೇರು ಸಿರಿಯ ಬಾಯಲ್ಲೇ ಇತ್ತು.

ಎರಡು ದಿನಕ್ಕೆ ಸಿರಿಯ ಎಲೆ ಜೋತುಬಿತ್ತು.

“ಬೇರು ಇಳಿಸು ಮಗಳೆ. ಕೆಳಗೆ ನೀರೈತೆ, ನಾನು ಅದನ್ನೇ ಕುಡಿಯೋದು.”

“ಹೆಂಗವ್ವ ಇಳಿಸೋದು? ನಂಗೆ ಬರಾಕಿಲ್ಲ. ಕಚ್ಚೋದೊಂದೇ ಬರೋದು.”

ಗಂಧವ್ವ ಜಾಲಿಯನ್ನು ಬೇಡಿದಳು, ಬೇವನ್ನು ಬೇಡಿದಳು. ಎಲ್ಲರೂ ಬೇರು ಎಳೆದುಕೊಂಡರು. ಹೊಳೆಯನ್ನು ಕೂಗಿದಳು. “ಗುಡ್ಡ ಹತ್ತೋಕೆ ನಂಗಾಗಲ್ಲ ತಾಯಿ,” ಅಂದು ಹೊಳೆ ಅತ್ತುಕೊಂಡು ಹೋಯಿತು.

ಆಗ ಅವಳು ತನ್ನ ಬೇರನ್ನೇ ಚಾಚಿದಳು. “ಕಚ್ಚು,” ಅಂದಳು.

ಸಿರಿ ಕುಡಿದಳು. ಒಂದೆಲೆ ಬಂತು, ಎರಡೆಲೆ ಬಂತು, ಮೂರೆಲೆ ಬಂತು.

“ಅವ್ವಾ, ಮೂರಾದ್ವು. ಸಾಕು ಅಂತೀಯಾ?”

ಕೊಡುವವಳು ಆ ಮಾತು ಆಡುವಂತಿಲ್ಲ. ಆಡಬೇಕಾದವಳು ತಾಯಿ. ಗಂಧವ್ವ ಎರಡೂ ಆಗಿ ನಿಂತಿದ್ದಳು. ಮಗಳ ತಲೆಯ ಮೇಲೆ ಒಂದೊಂದೇ ಎಲೆ ಉದುರಿಸಿದಳು, ಬಾಯಿ ಬಿಡಲಿಲ್ಲ. ಮೊದಲ ಮಳೆ ಬರುವ ಹೊತ್ತಿಗೆ ಅವಳು ಒಣಗಿ ನಿಂತಿದ್ದಳು, ಸಿರಿ ಬದುಕಿದ್ದಳು.

ಆಮೇಲೆ ಮಳೆಗೆ ಮೊಳೆತ ಗಿಡಗಳ ಬೇರು ಕಚ್ಚಿಕೊಂಡು ಗಂಧದ ಕುಲ ಬೆಳೆಯಿತು, ಊರೂರಿಗೆ ಹಬ್ಬಿತು, ಆದರೆ ಒಂಟಿಯಾಗಿ ಬದುಕುವುದನ್ನು ಮತ್ತೆ ಕಲಿಯಲಿಲ್ಲ. ಅದಕ್ಕೇ ಇವತ್ತಿಗೂ ಗಂಧದ ಸಸಿ ನೆಡುವವರು ಅದೇ ಗುಣಿಯಲ್ಲಿ ನಾಲ್ಕು ತೊಗರಿ ಕಾಳು ಹಾಕುತ್ತಾರೆ. ಬಗ್ಗಿ ನೋಡು, ಗಂಧದ ಸಸಿ ಹಸಿರಾಗಿರುತ್ತದೆ, ಪಕ್ಕದ ತೊಗರಿ ಗಿಡ ಸದ್ದಿಲ್ಲದೆ ಬಾಡುತ್ತಿರುತ್ತದೆ.