ಹಲಗೆ ತಿಂದ ಬಿಸಿಲು

ಊರಿಗೊಂದು ಎತ್ತರದ ಕಟ್ಟಡ. ಕಟ್ಟಡದ ತುಂಬ ದುಬಾರಿ ಮನೆಗಳು. ಮನೆಗೊಂದು ಬಾಲ್ಕನಿ.

ನಾಲ್ಕನೇ ಮಹಡಿಯ ಮನೆಗೆ ಬೀಗ. ಅದರ ಬಾಲ್ಕನಿಯಲ್ಲಿ ಬೂದಿ ಅಂತ ಒಂದು ಬೆಕ್ಕು. ಯಾರೂ ಸಾಕಿದ್ದಲ್ಲ. ತಾನೇ ಬಂದು ಸೇರಿಕೊಂಡಿತ್ತು. ಬೂದಿಗೆ ಹಾಲಿರಲಿಲ್ಲ. ಹಾಸಿಗೆ ಇರಲಿಲ್ಲ. ಬಿಸಿಲಿತ್ತು. ದಿನಾ ಬೆಳಿಗ್ಗೆ ಚಾಪೆಯಷ್ಟಗಲ ಬಿಸಿಲು.

ಐದನೇ ಮಹಡಿಯಲ್ಲಿ ಸುಲೋಚನಮ್ಮನವರ ಮನೆ. ಅವರ ಬೆಕ್ಕು ಮಲ್ಲಿಗೆ. ಬೆಳ್ಳಗೆ, ದಪ್ಪಗೆ. ಆ ಮನೆಯನ್ನು ಹೊಸದು ಮಾಡುತ್ತಿದ್ದರು. ಚೆನ್ನಾಗಿದ್ದ ನೆಲ ಕಿತ್ತರು, ಬೇರೆ ನೆಲ ಹಾಕಿದರು. ಚೆನ್ನಾಗಿದ್ದ ಬಣ್ಣ ಕೆರೆದರು, ಬೇರೆ ಬಣ್ಣ ಬಳಿದರು. ಕೊನೆಗೆ ಬಾಲ್ಕನಿಯಿಂದಾಚೆ ಒಂದು ಅಗಲ ಹಲಗೆ ಚಾಚಿದರು. ಮಲ್ಲಿಗೆ ಕೂತು ಊರು ನೋಡಲಿ ಅಂತ.

ಮರುದಿನ ಬೂದಿ ಕಣ್ಣು ಬಿಟ್ಟಿತು. ಬಿಸಿಲಿಲ್ಲ! ಬರೀ ಹಲಗೆಯ ನೆರಳು.

ಬೂದಿ ಮೇಲೆ ನೋಡಿತು. ಹಲಗೆಯ ಮೇಲೆ ಮಲ್ಲಿಗೆ. ಮಲ್ಲಿಗೆಯ ಮೇಲೆ ಬಿಸಿಲು.

"ಏನೇ ಬೂದಿ, ಚಳಿಯಾ?" ಅಂದಿತು ಮಲ್ಲಿಗೆ.

ಮೈಗೆ ಚಳಿ, ಹೊಟ್ಟೆಗೆ ಉರಿ. ಬೂದಿ ಓಡಿತು.

ಓಡಿ ಬಡಗಿ ಮೌನೇಶಣ್ಣನ ಹತ್ತಿರ ಹೋಯಿತು.

"ಮೌನೇಶಣ್ಣ, ಮೌನೇಶಣ್ಣ! ಹಲಗೆ ಬಿಸಿಲು ತಿಂದಿದೆ. ನೀನಾದರೂ ಹಲಗೆ ಬಿಚ್ಚು!"

"ಮೊಳೆ ಹೊಡಿ ಅಂದರು, ಹೊಡೆದೆ. ಬಿಚ್ಚು ಅಂತ ಯಾರೂ ಅಂದಿಲ್ಲ. ಬಿಚ್ಚೋದಿಲ್ಲ, ಹೋಗು."

ಮೈಗೆ ಚಳಿ, ಹೊಟ್ಟೆಗೆ ಉರಿ. ಬೂದಿ ಓಡಿತು.

ಓಡಿ ಮೇಸ್ತ್ರಿ ತಿಪ್ಪಣ್ಣನ ಹತ್ತಿರ ಹೋಯಿತು.

"ಮೇಸ್ತ್ರಿ, ಮೇಸ್ತ್ರಿ! ಹಲಗೆ ಬಿಸಿಲು ತಿಂದಿದೆ. ಬಡಗಿ ಹಲಗೆ ಬಿಚ್ಚೋದಿಲ್ಲ. ನೀವಾದರೂ ಬಡಗಿಗೆ ಹೇಳಿ!"

"ಇವತ್ತು ಬೆಕ್ಕು ಹಲಗೆ ಬಿಚ್ಚು ಅನ್ನುತ್ತೆ. ನಾಳೆ ಕಾಗೆ ಗೋಡೆ ಒಡಿ ಅನ್ನುತ್ತೆ. ಹೇಳೋದಿಲ್ಲ, ಹೋಗು."

ಮೈಗೆ ಚಳಿ, ಹೊಟ್ಟೆಗೆ ಉರಿ. ಬೂದಿ ಓಡಿತು.

ಓಡಿ ಎಂಜಿನಿಯರ್ ರೆನಿಟಾ ಮೇಡಂ ಹತ್ತಿರ ಹೋಯಿತು.

"ಮೇಡಂ, ಮೇಡಂ! ಹಲಗೆ ಬಿಸಿಲು ತಿಂದಿದೆ. ಬಡಗಿ ಹಲಗೆ ಬಿಚ್ಚೋದಿಲ್ಲ. ಮೇಸ್ತ್ರಿ ಬಡಗಿಗೆ ಹೇಳೋದಿಲ್ಲ. ನೀವಾದರೂ ಮೇಸ್ತ್ರಿಗೆ ಹೇಳಿ!"

ಮೇಡಂ ಕಟ್ಟಡದ ನಕ್ಷೆ ಬಿಡಿಸಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು.

"ನಕ್ಷೆಯಲ್ಲಿ ಹಲಗೆಯೇ ಇಲ್ಲ. ಇಲ್ಲದ ಹಲಗೆ ಬಿಚ್ಚಿಸೋದು ಹೇಗೆ? ಹೇಳೋದಿಲ್ಲ, ಹೋಗು."

ಮೈಗೆ ಚಳಿ, ಹೊಟ್ಟೆಗೆ ಉರಿ. ಬೂದಿ ಓಡಿತು.

ಓಡಿ ಗುರುಪಾದಯ್ಯ ಸಾಹೇಬರ ಹತ್ತಿರ ಹೋಯಿತು. ಊರಲ್ಲಿ ಎಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ಹೇಳೋ ಸಾಹೇಬರು ಅವರು. ಬೋಂಡಾ ತಿನ್ನುತ್ತಿದ್ದರು.

"ಸಾಹೇಬರೇ, ಸಾಹೇಬರೇ! ಹಲಗೆ ಬಿಸಿಲು ತಿಂದಿದೆ. ಬಡಗಿ ಹಲಗೆ ಬಿಚ್ಚೋದಿಲ್ಲ. ಮೇಸ್ತ್ರಿ ಬಡಗಿಗೆ ಹೇಳೋದಿಲ್ಲ. ಮೇಡಂ ಮೇಸ್ತ್ರಿಗೆ ಹೇಳೋದಿಲ್ಲ. ನೀವಾದರೂ ಮೇಡಂಗೆ ಹೇಳಿ!"

"ನಿಯಮ ಇದೆ," ಅಂದರು ಸಾಹೇಬರು. "ಬಾಲ್ಕನಿಯಿಂದಾಚೆ ಒಂದು ಗೇಣೂ ಚಾಚಬಾರದು. ಬಿದ್ದರೆ ಕೆಳಗೆ ಹೋಗೋರ ತಲೆ ಒಡೆಯುತ್ತೆ."

"ಹಾಗಾದರೆ ಹೇಳಿ!"

"ಮನೆಯವರು ದೂರು ಕೊಡಬೇಕು. ನಿನಗೆ ಮನೆ ಇದೆಯಾ?"

"ಬಾಲ್ಕನಿ ಇದೆ."

"ಬಾಲ್ಕನಿ ಸಾಲದು. ಮನೆ ಬೇಕು. ಹೇಳೋದಿಲ್ಲ, ಹೋಗು."

ಇನ್ನು ಯಾರ ಹತ್ತಿರ ಹೋಗೋದು? ಯಾರೂ ಉಳಿದಿರಲಿಲ್ಲ. ಬೂದಿ ನೀರಿನ ಪೈಪು ಹತ್ತಿ ಬಾಲ್ಕನಿಗೆ ವಾಪಸ್ಸು ಬಂತು. ನೆರಳಲ್ಲಿ ಮುದುಡಿ ಕೂತಿತು.

ಆಗ ಮೇಲಿಂದ ಠಕ್ ಠಕ್ ಸದ್ದು. ಆರನೇ ಮಹಡಿಯ ಬಾಲ್ಕನಿಯಲ್ಲಿ ಮೌನೇಶಣ್ಣ! ಕೈಯಲ್ಲಿ ಹೊಸ ಹಲಗೆ.

ಮಲ್ಲಿಗೆ ಕತ್ತೆತ್ತಿತು. "ಅದು ಯಾರಿಗೆ?"

"ಇಲ್ಲಿನ ಬೆಕ್ಕಿಗೆ," ಅಂದ ಮೌನೇಶಣ್ಣ. "ನಿನ್ನದಕ್ಕಿಂತ ಅಗಲ."

"ನಿನ್ನದಕ್ಕಿಂತ ಮೇಲೆ ಕೂಡ," ಅಂದಿತು ಬೂದಿ. "ಬಿಸಿಲೆಲ್ಲ ಇನ್ನು ಅದಕ್ಕೇ. ನೀನೂ ನನ್ನ ಹಾಗೆ ನೆರಳಲ್ಲಿ ಮಲಗು. ಅಭ್ಯಾಸ ಆಗುತ್ತೆ."

ಮಲ್ಲಿಗೆಯ ಹೊಟ್ಟೆಗೂ ಉರಿ ಬಿತ್ತು. "ಮಿಯ್ಯಾಂವ್!" ಅಂತ ಕಟ್ಟಡವೇ ನಡುಗುವ ಹಾಗೆ ಕೂಗಿತು.

ಸುಲೋಚನಮ್ಮ ಓಡಿ ಬಂದರು. ಮೇಲೆ ನೋಡಿದರು.

"ಅವರಿಗೆ ನಮ್ಮದಕ್ಕಿಂತ ಅಗಲದ್ದಾ?"

ಅಷ್ಟೇ. ಸುಲೋಚನಮ್ಮ ಸಾಹೇಬರಿಗೆ ದೂರು ಕೊಟ್ಟರು. ಅವರಿಗೆ ಮನೆ ಇತ್ತಲ್ಲ! ಸಾಹೇಬರು ಬೋಂಡಾ ಬಿಟ್ಟು ಬಂದರು. ಕತ್ತೆತ್ತಿ ನೋಡಿದರು.

"ಆರನೇ ಮಹಡಿ ಹಲಗೆ ಬಿಚ್ಚಬೇಕು. ಐದನೇ ಮಹಡಿ ಹಲಗೆಯೂ ಬಿಚ್ಚಬೇಕು."

"ಅಯ್ಯೋ, ನಮ್ಮದು ಯಾಕೆ? ಮೇಲಿನದು ಮಾತ್ರ ಬಿಚ್ಚಿಸಿ!"

"ಅಮ್ಮಾ, ನಿಯಮ ಮಹಡಿ ನೋಡೋದಿಲ್ಲ. ನೀವೇ ಕರೆದಿರಿ."

ಸಾಹೇಬರು ಮೇಡಂಗೆ ಗದರಿದರು. ಮೇಡಂ ಮೇಸ್ತ್ರಿಗೆ ಗದರಿದರು. ಮೇಸ್ತ್ರಿ ಬಡಗಿಗೆ ಗದರಿದ. ಬಡಗಿ ಗದರೋಣ ಅಂದರೆ ಅವನ ಕೆಳಗೆ ಯಾರೂ ಇರಲಿಲ್ಲ. ಹಲಗೆ ಬಿಚ್ಚಿದ. ಹಲಗೆ ಬಿಸಿಲು ಬಿಟ್ಟಿತು. ಬಿಸಿಲು ಕೆಳಗಿಳಿಯಿತು. ಸೀದಾ ಬೂದಿಯ ಹೊಟ್ಟೆಯ ಮೇಲೆ ಬಂದು ಕೂತಿತು.

ಮೈಗೆ ಬೆಚ್ಚಗೆ, ಹೊಟ್ಟೆಗೆ ತಣ್ಣಗೆ.

ಬೂದಿ ಮೈ ಮುರಿಯಿತು. ಆಕಳಿಸಿತು. ಸುಮ್ಮನೆ ಒಮ್ಮೆ ಕೆಳಗೆ ಇಣುಕಿತು.

ಮೂರನೇ ಮಹಡಿಯಲ್ಲೂ ಬಿಸಿಲು ಬಿದ್ದಿತ್ತು. ತನ್ನದಕ್ಕಿಂತ ಒಂದು ಗೇಣು ಅಗಲವಾಗಿ ಕಂಡಿತು.