ಯಾಕೆಂದು ಕೇಳುವುದನ್ನು ಬಿಟ್ಟ ಊರು

“ಗುರುಗಳೇ, ದೊರೆ ಒಳ್ಳೆಯವನಾಗಿದ್ದರೆ ಅವನಿಗೂ ಕಟ್ಟುಪಾಡು ಏಕೆ ಬೇಕು?” ಎಂದು ಶಿಷ್ಯನು ಕೇಳಿದನು. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ರೂಢಿ ಇತ್ತು. ದೊರೆ ಯಾವ ಅಪ್ಪಣೆ ಕೊಟ್ಟರೂ ಊರಿನವನೊಬ್ಬನು ಅರಮನೆಯ ಬಾಗಿಲಲ್ಲಿ ನಿಂತು “ಯಾಕೆ?” ಎಂದು ಕೇಳಬೇಕು. ದೊರೆ ಹೊರಗೆ ಬಂದು ಎಲ್ಲರೆದುರು ಉತ್ತರ ಹೇಳಬೇಕು. ಉತ್ತರ ಊರಿಗೆ ಒಪ್ಪಿಗೆಯಾಗದಿದ್ದರೆ ಅಪ್ಪಣೆ ಬಿದ್ದುಹೋಗುತ್ತಿತ್ತು. ಅಂದರೆ, ದೊರೆಯ ಮಾತಿಗಿಂತ ರೂಢಿ ದೊಡ್ಡದಾಗಿತ್ತು.

ಆಮೇಲೆ ಬಹಳ ಒಳ್ಳೆಯ ದೊರೆಯೊಬ್ಬನು ಪಟ್ಟಕ್ಕೆ ಬಂದನು. ಅಂಥವನನ್ನು ಯಾಕೆ ಎಂದು ಕೇಳಲು ಜನರಿಗೆ ನಾಚಿಕೆಯಾಯಿತು. ಅನ್ನ ಬಡಿಸುವ ತಾಯಿಯನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ ಎಂದುಕೊಂಡು ರೂಢಿಯನ್ನು ಬಿಟ್ಟರು. ಭಯದಿಂದ ಬಿಟ್ಟದ್ದಲ್ಲ, ಪ್ರೀತಿಯಿಂದ ಬಿಟ್ಟದ್ದು. ಇದನ್ನು ನೀನು ಗಮನಿಸಬೇಕು. ಕೇಳುವವರಿಲ್ಲದ ಮೇಲೆ ದೊರೆಯೂ ಹೊರಗೆ ಬರುವುದನ್ನು ನಿಲ್ಲಿಸಿದನು. ಅಪ್ಪಣೆಗಳು ಮಾತ್ರ ಬರುತ್ತಿದ್ದವು.

ವರ್ಷಗಳು ಕಳೆದವು. ಕತ್ತಲಾದ ಮೇಲೆ ಯಾರೂ ದೀಪ ಹಚ್ಚಬಾರದೆಂದು ಅಪ್ಪಣೆಯಾಯಿತು. ಹಚ್ಚಿದವರನ್ನು ಕಾಡಿಗೆ ಅಟ್ಟುತ್ತಿದ್ದರು. ಹೋದವರು ಯಾರೂ ತಿರುಗಿ ಬರಲಿಲ್ಲ. ಒಬ್ಬ ಗಾಣಿಗನ ತಮ್ಮನು ಜ್ವರದ ಮಗುವಿನ ಮುಖ ನೋಡಲು ದೀಪ ಹಚ್ಚಿ ಸಿಕ್ಕಿಬಿದ್ದನು. ಮರುದಿನ ಗಾಣಿಗನು ಅರಮನೆಗೆ ಓಡಿದನು.

“ಎಣ್ಣೆ ಖರ್ಚಾಗುತ್ತಿಲ್ಲವೆಂದು ಬಂದೆಯೇನಯ್ಯಾ?” ಎಂದು ಹೊರಬಾಗಿಲ ಕಾವಲುಗಾರನು ನಕ್ಕನು.

“ತಮ್ಮನನ್ನು ಬಿಡಿಸಿಕೊಳ್ಳಲು ಬಂದೆ. ಈ ಅಪ್ಪಣೆಯನ್ನು ನಿನಗೆ ಯಾರು ಹೇಳಿದರಣ್ಣಾ?”

“ಒಳಬಾಗಿಲಿನ ಮುದುಕ. ಹೋಗು, ಅವನನ್ನೇ ಕೇಳು.”

ಒಳಬಾಗಿಲಿನ ಮುದುಕನು ಕದಕ್ಕೆ ಕಿವಿಯಿಟ್ಟು ಕುಳಿತಿದ್ದನು. ಗಾಣಿಗನು ಕೇಳಿದಾಗ ಕಿವಿಯನ್ನು ತೆಗೆಯದೆಯೇ ಹೇಳಿದನು: “ಹೀಗೆ ಕೂತರೆ ದೊರೆ ಏನೋ ಹೇಳಿದ ಹಾಗೆ ಕೇಳಿಸುತ್ತದೆ. ಕೇಳಿಸಿದ್ದನ್ನು ಹೊರಗೆ ಹೇಳುತ್ತೇನೆ.”

ಗಾಣಿಗನು ಕದ ತಳ್ಳಿದನು. ಅಗುಳಿ ಹಾಕಿರಲಿಲ್ಲ. ಪೀಠದ ಮೇಲೆ ದೊರೆ ಕುಳಿತಿದ್ದನು. ಸತ್ತು ಎಷ್ಟು ಕಾಲವಾಗಿತ್ತೋ, ಮೂಳೆಗಳ ಮೇಲಿದ್ದ ರೇಷ್ಮೆಯೂ ಜೀರ್ಣವಾಗಿತ್ತು. ಗಾಣಿಗನಿಗೆ ಭಯಕ್ಕಿಂತ ಆಸೆಯೇ ಹೆಚ್ಚಾಯಿತು. ಹೇಳಿದವರೇ ಇಲ್ಲವೆಂದ ಮೇಲೆ ಅಪ್ಪಣೆಯೂ ಇಲ್ಲ ಎಂದು ಅವನು ಲೆಕ್ಕ ಹಾಕಿದನು.

“ನೋಡಜ್ಜಾ, ಇವರು ಏನನ್ನೂ ಹೇಳಿಲ್ಲ. ನನ್ನ ತಮ್ಮನನ್ನು ಬಿಡಿಸು.”

ಮುದುಕನು ಒಳಗೆ ನೋಡಿದನು. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಮೂಳೆಗಳಿಗೆ ಕೈಮುಗಿದು ಮೆಲ್ಲಗೆ ಹೇಳಿದನು: “ದೊರೆಯ ಅಪ್ಪಣೆಯನ್ನು ದೊರೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲವೇನಪ್ಪಾ? ಇವರು ಬಾಯಿ ಬಿಡುತ್ತಿಲ್ಲವಲ್ಲ.”

ಅವನು ಗಾಣಿಗನನ್ನು ಹೊರಗೆ ಕರೆದು, ಕದ ಮುಚ್ಚಿ, ಮತ್ತೆ ಅದಕ್ಕೆ ಕಿವಿಯಿಟ್ಟನು. ಗಾಣಿಗನ ತಮ್ಮನನ್ನು ಆ ಸಂಜೆಯೇ ಕಾಡಿಗೆ ಅಟ್ಟಿದರು.

ಕತೆ ಮುಗಿದ ಮೇಲೆ ಶಿಷ್ಯನು ಕೇಳಿದನು: “ಆದರೆ ಗುರುಗಳೇ, ಇದರಲ್ಲಿ ಆ ಒಳ್ಳೆಯ ದೊರೆ ಮಾಡಿದ ತಪ್ಪೇನು?”

“ತಪ್ಪೇನೂ ಮಾಡಲಿಲ್ಲ,” ಎಂದರು ಗುರುಗಳು, “ಸತ್ತನು, ಅಷ್ಟೇ.”