ಸೊಟ್ಟ ಹುಳದ ಮದುವೆ

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನ ಮೀಸೆ ಇನ್ನೂ ಕರ್ರಗಿದ್ದ ಕಾಲದಲ್ಲಿ, ಮಾಳವ್ವ ಅಂತ ಒಬ್ಬ ಕುರಿಗಾರ್ತಿ ಇದ್ದಳಂತೆ. ಗಂಡ ಬೀರಣ್ಣ, ಅರವತ್ತು ಕುರಿ. ಅದರಲ್ಲಿ ತವರಿಂದ ಬಂದ ಚುಕ್ಕಿ ಅಂದ್ರೆ ಪ್ರಾಣ. ಗಂಡನ ಹೆಸರು ಮರೆತರೂ ಚುಕ್ಕಿ ಹೆಸರು ಮರೀತಿರಲಿಲ್ಲವಂತೆ.

ಆ ಚುಕ್ಕಿ ಹೊಟ್ಟೇಲಿ ಹುಳ ಸೇರ್ಕೊಂಡ್ವಂತೆ. ಮೂರು ಜನ ಅಣ್ಣತಮ್ಮಂದಿರು, ದಪ್ಪ, ಉದ್ದ, ಸೊಟ್ಟ. ಕೂತಲ್ಲೇ ರಕ್ತ ಹೀರೋದು, ತೇಗೋದು, ಅಷ್ಟೇ ಕೆಲಸ, ನಿಮ್ಮ ಚಿಕ್ಕಪ್ಪನ ಹಾಗೆ. ಆಮೇಲೆ ಬೀರಣ್ಣ ಒಂದು ಬಾಟ್ಲಿ ಹುಳದ ಔಷಧಿ ತಂದು, ಅರವತ್ತಕ್ಕೂ ಸಾಕಾಗಲಿ ಅಂತ ನೀರು ಬೆರೆಸಿ ಎಲ್ಲದರ ಬಾಯಿಗೂ ಒಂದೊಂದು ಗುಟುಕು ಹುಯ್ದನಂತೆ. ದಪ್ಪ ಸತ್ತ, ಉದ್ದ ಸತ್ತ, ಸೊಟ್ಟ ಮಾತ್ರ ಬಾಯಿ ಚಪ್ಪರಿಸಿ ಉಪ್ಪು ಕಮ್ಮಿ ಅಂದನಂತೆ. ಅವನೇನು ಗರಡೀಲಿ ಕಲಿತಿದ್ದಲ್ಲ, ಹುಟ್ಟಿನಿಂದಲೇ ಅವನ ಮೈ ಹಾಗೆ. ಹೆಣ್ಣು ಹುಳಗಳೂ ಸತ್ತು ಉಳಿದವಳು ಒಬ್ಬಳೇ, ಅವಳೂ ಅವನ ಥರ ಔಷಧಿಗೆ ಜಗ್ಗದ ಸೊಟ್ಟೀನೇ. ಇಬ್ಬರಿಗೂ ಮದುವೆ ಆಯ್ತಂತೆ.

ಹುಳಕ್ಕೂ ಮದುವೆನಾ ಅಜ್ಜಿ?

ಮತ್ತೆ? ಸುಮ್ನೆ ಕೇಳು. ಹಿಕ್ಕೆ ಜೊತೆ ಮೊಟ್ಟೆ ಹುಲ್ಲಿಗೆ ಬಿತ್ತು, ಹುಲ್ಲು ಮೇದ ಕುರಿಗಳ ಹೊಟ್ಟೇಲೆಲ್ಲ ಸೊಟ್ಟನ ಮಕ್ಕಳೇ ತುಂಬ್ಕೊಂಡ್ರು.

ಎರಡನೇ ಸಲ ಬೀರಣ್ಣ ನೀರು ಬೆರೆಸದೆ ಅದೇ ಔಷಧಿ ಹುಯ್ದನಂತೆ. ಮಕ್ಕಳು, ಅಪ್ಪಾ ಪಾಯಸ ಬಂತು ಅಂತ ಕುಣಿದವಂತೆ. ಚುಕ್ಕಿಗೆ ಗದ್ದದ ಕೆಳಗೆ ನೀರಿನ ಚೀಲದ ಥರ ಬಾವು ಜೋತುಬಿತ್ತು, ಕಾಲು ನಿಲ್ಲಲಿಲ್ಲ. ಹೊಟ್ಟೇಲಿ ಮರಿ ಬೇರೆ.

ಆಮೇಲೆ ಮಾಳವ್ವ ಅದನ್ನ ಹೆಗಲ ಮೇಲೆ ಹೊತ್ಕೊಂಡು ದನದ ಡಾಕ್ಟ್ರಮ್ಮನ ಹತ್ರ ಓಡಿದಳಂತೆ. ಡಾಕ್ಟ್ರಮ್ಮ ಬೇರೆ ಔಷಧಿ ಕುಡಿಸಿ ಹೇಳಿದ್ರಂತೆ, ಪ್ರತಿ ಕುರಿದೂ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡು, ಬಿಳಿಚಿಕೊಂಡಿದ್ರೆ ಹುಳ ರಕ್ತ ಹೀರಿದೆ ಅಂತ, ತೂಕಕ್ಕೆ ತಕ್ಕಷ್ಟು ಪೂರ್ತಿ ಕುಡಿಸು, ಕೆಂಪಗಿದ್ರೆ ಮುಟ್ಟಬೇಡ. ಈ ಔಷಧಿಗೂ ಜಗ್ಗದ ಸೊಟ್ಟ ಒಬ್ಬ ಹುಟ್ಟೇ ಹುಟ್ತಾನೆ, ಅವನಿಗೆ ಅಂತ ಔಷಧಿಗೆ ಸಾಯೋ ಬಡಪಾಯಿ ಹೆಣ್ಣುಗಳನ್ನ ಕೆಂಪು ಕಣ್ಣಿನ ಕುರಿಗಳ ಹೊಟ್ಟೇಲಿ ಉಳಿಸಿಡು ಅಂದ್ರಂತೆ.

ಮೂರನೇ ಸಲ ಮಾಳವ್ವ ಅರವತ್ತು ಕುರಿಯ ಕಣ್ಣೂ ನೋಡಿದಳು. ಬಿಳಿಚಿದ್ದವು ಹದಿನಾಲ್ಕು. ಉಳಿದವಕ್ಕೆ ಒಂದು ಹನಿಯೂ ಇಲ್ಲ. ಬೀರಣ್ಣ ತಲೆ ಚಚ್ಚಿಕೊಂಡ.

"ಏನೇ, ಕುರಿ ಬಿಟ್ಟು ಹುಳ ಸಾಕೋಕೆ ಹೊರಟ್ಯಾ?"

"ಹೂಂ, ಸಾಕ್ತೀನಿ. ಸೊಟ್ಟನಿಗೆ ಹೆಣ್ಣು ಹುಡುಕಬೇಕಲ್ಲ."

ಡಾಕ್ಟ್ರಮ್ಮ ಹೇಳಿದ ಹಾಗೇ ಹೊಸ ಔಷಧಿಗೂ ಸಾಯದ ಸೊಟ್ಟ ಒಬ್ಬ ಉಳಿದೇ ಉಳಿದನಂತೆ. ಮೀಸೆ ತಿರುವಿ ಹೆಣ್ಣು ನೋಡೋಕೆ ಹೊರಟರೆ, ಹುಲ್ಲಿನ ಜೊತೆ ಬಂದ ಹೆಣ್ಣುಗಳು ಸಾವಿರ. ಎಲ್ಲ ಔಷಧಿ ಮುಟ್ಟದ ಕೆಂಪು ಕಣ್ಣಿನ ಕುರಿಗಳಿಂದ ಬಂದವರು, ಔಷಧಿ ವಾಸನೆಗೇ ಮೂರ್ಛೆ ಹೋಗೋ ಜಾತಿ. ಮದುವೆ ಆಯ್ತು, ಮಕ್ಕಳೆಲ್ಲ ತಾಯಿ ಥರಾನೇ ಹುಟ್ಟಿದ್ರು. ಮುಂದಿನ ಸಲ ಔಷಧಿ ಬಿದ್ದದ್ದೇ ತಡ, ಸೊಟ್ಟನ ವಂಶ ಸಾಲಾಗಿ ಹಿಕ್ಕೆ ಸಮೇತ ಹೊರಗೆ ಬಂತಂತೆ.

ಆಮೇಲೆ ಚುಕ್ಕಿ ಅವಳಿ ಮರಿ ಹಾಕಿತು. ಬೀರಣ್ಣ ಡೊಳ್ಳು ಬಡಿದುಕೊಂಡು, ನನ್ನ ಹೆಂಡ್ತಿ ಹುಳಗಳ ಬೀಗಿತ್ತಿ ಅಂತ ಹಟ್ಟಿಯೆಲ್ಲ ಸಾರಿದನಂತೆ.

ಎಲ್ಲಿ, ನಿನ್ನ ರೆಪ್ಪೆ ತೋರಿಸು. ಕೆಂಪಗಿದೆ, ನಿನಗೆ ಔಷಧಿ ಬೇಡ, ನಿದ್ದೆ ಮಾಡಿದ್ರೆ ಸಾಕು. ಕುರಿ ದೊಡ್ಡಿ ಸೇರಿತು, ಕತೆ ಮುಗೀತು, ನೀನು ಕಂಬಳಿ ಸೇರು.